ಅವ್ವನ ಶವಾಸನ

ನಿಮ್ಮ ಮನೆಗಳಲ್ಲಿ ಸದ್ದಾದರೆ ಎಚ್ಚರವಾಗುತ್ತದೆ. ನಮ್ಮ ಮನೆಯಲ್ಲಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ರಾಮದುರ್ಗದ ನಮ್ಮ ಓಣಿಯಲ್ಲಿ ಹುಟ್ಟಿದ ಯಾರನ್ನು ಬೇಕಾದರೂ ಕೇಳಿ ನೋಡಿ, ಇದನ್ನೇ ಹೇಳುತ್ತಾರೆ. ಪಡಸಾಲೆಯಲ್ಲಿ ಎರಡು ವಿದ್ಯುತ್ ಮಗ್ಗ, ಅದರಾಚೆ ಗೋಡೆಗೆ ಹತ್ತಿಕೊಂಡು ನನ್ನ ತೊಟ್ಟಿಲು. ಖಟಾಖಟ್ ಖಟಾಖಟ್ ಎನ್ನುವುದೇ ಜೋಗುಳ. ಎಳೆ ಹರಿದೋ, ಲಾಳಿಯೊಳಗಿನ ನೂಲು ತೀರಿಯೋ, ಕರೆಂಟ್ ಹೋಗಿಯೋ ಮಗ್ಗ ಗಪ್ಪನೆ ನಿಂತಿತೆಂದರೆ ಕೂಸಾದ ನಾನು ಕಿಟಾರನೆ ಕಿರುಚುತ್ತಿದ್ದೆನಂತೆ. ಗೋಡೆಗೊರಗಿ ತೂಕಡಿಸುತ್ತಿದ್ದ ಅವ್ವ ಕಣ್ಣು ಬಿಡುವ ಮೊದಲೇ ಎದ್ದು ನಿಂತಿರುತ್ತಿದ್ದಳಂತೆ. ನಾನು ಮೊದಲು ಕಲಿತ ಮಾತು ‘ಅವ್ವ’ ಅಲ್ಲ, ‘ಖಟಾಖಟ್’ ಎಂದು ಅಪ್ಪ ಇವತ್ತಿಗೂ ಹೇಳುತ್ತಾನೆ.

ಮಗ್ಗದ ದನಿ ಬಂದ ಮೇಲೆ ಉಳಿದ ದನಿಗಳೇನು ಮಹಾ. ಬಸ್ ಕಂಡಕ್ಟರನ ಗಂಟಲು, ಸಂತೆಯ ಮೆಣಸಿನಕಾಯಿ ಮುದುಕಿಯ ಬೈಗುಳ, ಸಾಲೆಯ ಮಾಸ್ತರರ ಕೆಮ್ಮು, ಎಲ್ಲವೂ ನನ್ನ ಬಾಯಿಗೆ ಬಂದವು. ಮಂದಿ ನಕ್ಕರು, ಕೆಲವರು ಹೊಡೆಯಲು ಬಂದರು. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಈಗಲೂ ತಡವರಿಸುತ್ತೇನೆ. ಇದನ್ನು ಬರೆಯುವಾಗಲೂ ಯಾರನ್ನೋ ಅಣಕಿಸುತ್ತಿದ್ದೇನೆ ಎಂಬ ಗುಮಾನಿ ನನಗಿದೆ.

ಅವ್ವನಿಗೆ ಸೊಂಟ ಹಿಡಿದದ್ದು ಮಗ್ಗದ ಮುಂದೆ ಬಗ್ಗಿ ಬಗ್ಗಿ. ಡಾಕ್ಟರು ಗುಳಿಗೆ ಬರೆದು ಬರೆದು ಸಾಕಾಗಿ, ‘ಬಾಯಾರ, ಇನ್ನ ಯೋಗಾಕ ಹೋಗ್ರಿ, ನನ್ನ ಕಡೆ ಬರಬ್ಯಾಡ್ರಿ’ ಎಂದರು. ಹತ್ತಿರದ ಸಮುದಾಯ ಭವನದಲ್ಲಿ ಮುಂಜಾನೆ ಹೆಣ್ಣುಮಕ್ಕಳ ಯೋಗದ ಕ್ಲಾಸಿತ್ತು. ನಡೆಸುವವರು ನಿವೃತ್ತ ಶಾಲಾ ಶಿಕ್ಷಕಿ; ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅವ್ವನನ್ನು ಬೈಕಿನಲ್ಲಿ ಬಿಡಲು ಹೋದವನು ನಾನು. ‘ಹೊರಗ ನಿಂತು ಮೊಬೈಲ್ ತಿಕ್ಕೂದಕ್ಕಿಂತ ಒಳಗ ಬಂದು ಬೆನ್ನ ಬಗ್ಗಿಸಪಾ’ ಎಂದು ಅಕ್ಕಾರು ಎಳೆದುಕೊಂಡರು. ಹಿಂದಿನ ಸಾಲಿನಲ್ಲಿ ಇಬ್ಬರು ಪಿಂಚಣಿದಾರರು, ಮೂರನೆಯವನು ನಾನು. ಆರೋಗ್ಯಕ್ಕೆಂದು ಹೋಗಲಿಲ್ಲ, ಅಕ್ಕಾರ ದನಿ ಕದಿಯಲು ಹೋದೆ.

‘ಉಸರ ಒಳಗ ತೊಗೋರಿ... ಇನ್ನಾ ಸ್ವಲ್ಪ ತೊಗೋರಿ, ಅದಕ್ಕೇನ ರೊಕ್ಕ ಬೀಳಂಗಿಲ್ಲ... ಹಾಂ, ಈಗ ಬಿಡ್ರಿ. ಉಸರ ಬಿಡ್ರಿ ಅಂದೆ, ಸುದ್ದಿ ಬಿಡ್ರಿ ಅನ್ನಲಿಲ್ಲ!’

ವಾರದೊಳಗೆ ಆ ದನಿ ನನ್ನದಾಯಿತು. ಅವ್ವನಿಗೆ ಮಾತ್ರ ಒಂದು ಆಸನ ಬರಲಿಲ್ಲ. ಬಗ್ಗುವುದು ಬಂತು, ಏಳುವುದು ಬಂತು, ಸೊಂಟವೂ ಮಾತು ಕೇಳತೊಡಗಿತು. ಬಾರದ್ದು ಶವಾಸನ. ಅಕ್ಕಾರು ಫ್ಯಾನ್ ಕೂಡ ಆರಿಸಿ ‘ಈಗ ಬರೇ ಮೌನ ಕೇಳ್ರಿ’ ಎನ್ನುತ್ತಿದ್ದರು. ಎಲ್ಲರೂ ಹೆಣಗಳಂತೆ ಬಿದ್ದಿದ್ದರೆ ನಡುವೆ ಅವ್ವ ಮಾತ್ರ ಹೆಣ ಕಾಯಲು ಬಂದವಳಂತೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಅಷ್ಟು ಮೌನ ಎಂದರೆ ಅವಳ ಲೆಕ್ಕದಲ್ಲಿ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಮಲಗಿದಲ್ಲೇ ನಾಲಿಗೆಯನ್ನು ಅಂಗುಳಿಗೆ ಬಡಿದು ಮೆಲ್ಲಗೆ ಮಗ್ಗ ಸುರು ಮಾಡಿದೆ. ಖಟಾಖಟ್ ಖಟಾಖಟ್. ಅವ್ವನ ರೆಪ್ಪೆ ಇಳಿಯಿತು, ಗದ್ದ ಸಡಿಲಾಯಿತು, ಸಣ್ಣ ಗೊರಕೆ ಬಂತು. ಆಮೇಲೆ ನಿಲ್ಲಿಸಿದೆ. ಅವ್ವ ಸಟಕ್ಕನೆ ಎದ್ದು ನಿಂತು ಇಲ್ಲದ ಲಾಳಿಗೆ ಗಾಳಿಯಲ್ಲಿ ಕೈ ಹಾಕಿದಳು. ಇಡೀ ಸಭಾಗೃಹದ ಹೆಣಗಳು ಎದ್ದು ಕೂತು ನಕ್ಕವು.

‘ಮನಿಗಿ ಬಾ ಮಂಗ್ಯಾ, ಮಗ್ಗದ ಹಣಿಗಿ ತೊಗೊಂಡು ಬಡಿತೇನಿ’ ಎಂದಳು ಅವ್ವ, ತಾನೂ ನಗುತ್ತ.

‘ನಗಬ್ಯಾಡ್ರಿ’ ಎಂದರು ಅಕ್ಕಾರು. ‘ನೀವೆಲ್ಲಾ ನಿದ್ದಿ ಹೊಡ್ಯಾಕತ್ತಿದ್ರಿ. ಎಚ್ಚರ ಇದ್ದಾಕಿ ಈಕಿ ಒಬ್ಬಾಕಿನ.’

ಶವಾಸನ ಮುಗಿದ ಮೇಲೆ ಅಕ್ಕಾರು ಸ್ವಲ್ಪ ಹೊತ್ತು ಮಾತಾಡುತ್ತಿದ್ದರು. ಅಹಿಂಸೆ, ಸತ್ಯ, ಅಪರಿಗ್ರಹ ಇವೆಲ್ಲ ಚಾಪೆಯ ಮೇಲೆ ಮಾಡುವುದಲ್ಲ, ಬಜಾರದಲ್ಲಿ ಮಾಡುವುದು ಎಂಬುದು ಅವರ ವಾದ. ಏನನ್ನಾದರೂ ಕೊಳ್ಳುವ ಮೊದಲು ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ತೆಗೆದುಕೊಳ್ಳಬೇಕು, ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಬೇಕೇನು? ಯಾರು ಮಾಡ್ಯಾರ? ಮಾಡೂಮುಂದ ಯಾರಿಗೆ ನೋವಾಗೇತಿ?

ಉಳಿದವರು ಹೂಂ ಎಂದು ಮನೆಗೆ ಹೋದರು. ಅವ್ವ ಅದನ್ನು ನಿಜಕ್ಕೂ ಮಾಡಿದಳು. ಸಂತೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟಿನ ಮುಂದೆ ಕಣ್ಣು ಮುಚ್ಚಿ ನಿಂತವಳನ್ನು ನೋಡಿ ಅಂಗಡಿಯವನು ‘ಯವ್ವಾ, ಚಕ್ಕರ್ ಬಂತೇನ’ ಎಂದು ನೀರು ಹಿಡಿದು ಓಡಿ ಬಂದ. ನೀರು ಕುಡಿದು, ಬಕೆಟ್ಟು ಬಿಟ್ಟು ಬಂದಳು. ಮನೆಯ ಹಳೆಯ ತಗಡಿನ ಬಕೆಟ್ಟಿಗೆ ಡಾಂಬರು ಹಚ್ಚಿಸಿದಳು. ಶಾಂಪೂ ಚೀಟಿ ಹೋಗಿ ಸೀಗೆಕಾಯಿ ಬಂತು. ಸೀರೆಯ ತುಂಡು ಅರಿವೆಯಲ್ಲಿ ಚೀಲ ಹೊಲಿದು ಓಣಿಗೆಲ್ಲ ಹಂಚಿದಳು. ಕಾಯಿಪಲ್ಲೆಯವಳ ಹತ್ತಿರ ಚೌಕಾಸಿ ಮಾಡುವುದನ್ನು ಬಿಟ್ಟಳು. ಅದನ್ನು ಕಂಡ ಕಾಯಿಪಲ್ಲೆಯವಳು ಗಾಬರಿಯಾಗಿ ‘ಆರಾಮ ಅದೀರಿಲ್ಲೋ ಅಕ್ಕಾ’ ಎಂದು ಕೇಳಿದಳು. ನನ್ನ ಹೊಸ ಜೀನ್ಸ್ ಪ್ಯಾಂಟನ್ನು ಕೈಯಲ್ಲಿ ಹಿಡಿದು ‘ಇದು ಹೊಸದಿದ್ದಾಗ ಹರದಿರತೈತಲ್ಲ, ಹರದಾಕಿಗೆ ಎಷ್ಟ ನೋವಾಗಿರಬೇಕ’ ಎಂದಳು. ಆ ಪ್ಯಾಂಟು ಹಾಕಿಕೊಂಡಾಗೆಲ್ಲ ನನ್ನ ಮೊಣಕಾಲಿಗೆ ನಾಚಿಕೆಯಾಗುತ್ತಿತ್ತು.

ಇಷ್ಟೆಲ್ಲ ಪ್ರಶ್ನೆ ಕೇಳುವವಳು ಪಡಸಾಲೆಯ ಮಗ್ಗಗಳ ಬಗ್ಗೆ ಅವನ್ನೇ ಎಂದು ಕೇಳಿಯಾಳು ಎಂದು ಅಪ್ಪ ಕಾಯುತ್ತಿದ್ದ. ಆದರೆ ಅವನಿಗೆ ಅದಕ್ಕಿಂತ ದೊಡ್ಡ ಆತಂಕವೊಂದಿತ್ತು. ಮಗ್ಗದಿಂದ ಇಳಿದ ಸೀರೆಗಳ ಗಂಟು ಹೊತ್ತು ಊರೂರು ತಿರುಗುವುದು ನನ್ನ ಕೆಲಸ. ಸವದತ್ತಿಯಲ್ಲಿ ಗುಡ್ಡದ ದೇವಿಗೆ ಭಕ್ತರು ಉಡಿ ತುಂಬಲು ಒಯ್ಯುವ ಅಗ್ಗದ ಸೀರೆ ನಮ್ಮದೇ ಹೋಗುತ್ತಿತ್ತು. ಬರಬರುತ್ತ ಅಲ್ಲಿಯೂ ಸೂರತ್ತಿನ ಅಚ್ಚಿನ ಸೀರೆ ಬಂದು ಕುಳಿತಿತು. ಬೈಲಹೊಂಗಲದ ಅಂಗಡಿಕಾರನಂತೂ ನನ್ನ ಗಂಟು ಬಿಚ್ಚಲೂ ಬಿಡುತ್ತಿರಲಿಲ್ಲ. ‘ತಮ್ಮಾ, ಮೊದಲ ಚಾ ಕುಡಿ. ಈಗ ಈ ಮಾಲ್ ಮುಟ್ಟಿ ನೋಡು, ಹ್ಯಾಂಗ ಜಾರತೈತಿ? ನಿಂದು ಮುಟ್ಟಿದ್ರ ಜಾರತೈತೇನ? ಇಲ್ಲ. ಹಂಗಾರ ನೀನ ಜಾರು.’ ಅವನ ಈ ದನಿಯನ್ನು ಮನೆಯಲ್ಲಿ ಮಾಡಿ ತೋರಿಸಿದೆ. ಅವ್ವ ನಕ್ಕಳು. ಅಪ್ಪ ನಗಲಿಲ್ಲ. ‘ಮಳಿಗಾಲ ಮುಗಿಯೂತನಾ ನೋಡತೇನಿ. ದೊಡ್ಡ ಆರ್ಡರ್ ಬರಲಿಲ್ಲಂದ್ರ ಎರಡೂ ಗುಜರಿಗೆ ಹಾಕತೇನಿ’ ಎಂದ.

ಆರ್ಡರ್ ಬಂತು. ಬಂದದ್ದು ಯೋಗದ ಕ್ಲಾಸಿನಿಂದಲೇ.

ಯೋಗ ದಿನಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಊರಿನ ಯೋಗದ ಹೆಣ್ಣುಮಕ್ಕಳು ಕಿತ್ತೂರಿನಲ್ಲಿ ಸೇರುವುದೆಂದಾಗಿತ್ತು. ಹೆಣ್ಣುಮಕ್ಕಳು ಸೇರಿದಲ್ಲಿ ಒಂದೇ ನಮೂನೆಯ ಸೀರೆ ಬೇಕು, ಅದು ನಮ್ಮ ಕಡೆಯ ಪದ್ಧತಿ. ಸೀರೆಯುಟ್ಟು ಮೆರವಣಿಗೆ, ಸೀರೆಯಲ್ಲೇ ಕೂತು ಪ್ರಾಣಾಯಾಮ. ಮುಂದಾಳಾಗಿದ್ದವರು ಬೈಲಹೊಂಗಲದ ಕ್ಲಾಸಿನ ಬ್ಯಾಂಕ್ ಆಫೀಸರರ ಹೆಂಡತಿ. ಅವರು ಎಲ್ಲರಿಂದ ಸಂಕಲ್ಪ ಮಾಡಿಸಿದರು: ಈ ಸಲ ಮಿಲ್ಲಿನ ಸೀರೆ ಬೇಡ, ಕೈಮಗ್ಗದ್ದೇ ಬೇಕು. ಅಕ್ಕಾರಿಗೆ ಫೋನ್ ಮಾಡಿ ‘ನಿಮ್ಮ ಕ್ಲಾಸಿನ್ಯಾಗ ನೇಕಾರರ ಮನಿ ಅಕ್ಕ ಒಬ್ಬರದಾರಂತಲ್ಲ, ಮತ್ಯಾಕ ಬ್ಯಾರೆ ಕಡೆ ಹುಡುಕೂದು? ಎಲ್ಲಾ ಸೀರಿ ಅವರ ಕಡೆನ ತೊಗೊಳ್ಳೂಣು’ ಎಂದರಂತೆ.

ನಮ್ಮದು ಕೈಮಗ್ಗವಲ್ಲ, ಪಾಲಿಸ್ಟರ್ ನೂಲಿನ ವಿದ್ಯುತ್ ಮಗ್ಗ ಎಂಬುದು ರಾಮದುರ್ಗದ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮ ಓಣಿಯ ಖಟಾಖಟ್ ದೊಡ್ಡ ರಸ್ತೆಯವರೆಗೆ ಕೇಳುತ್ತದೆ. ಆದರೂ ಯಾರೂ ಬಾಯಿ ಬಿಡಲಿಲ್ಲ. ಇದನ್ನು ಹೇಳಲೇಬೇಕು, ಅವರು ಬಿಡದಿದ್ದದ್ದು ಪ್ರೀತಿಯಿಂದ. ಗಂಡಂದಿರ ಸಂಬಳದಿಂದ ಹಿಡಿದು ಸೊಸೆಯಂದಿರ ಬಸಿರಿನವರೆಗೆ ಒಂದನ್ನೂ ಗುಟ್ಟಾಗಿಡಲು ಬಾರದ ಆ ಹೆಂಗಸರು ಅವ್ವನಿಗಾಗಿ ಹಲ್ಲು ಕಚ್ಚಿ ಸುಮ್ಮನಿದ್ದರು. ಅಕ್ಕಾರೂ ಸುಮ್ಮನಿದ್ದರು.

ಅಪ್ಪ ಮಗ್ಗಗಳಿಗೆ ಎಣ್ಣೆ ಬಿಟ್ಟ. ಎಷ್ಟೋ ತಿಂಗಳ ಮೇಲೆ ನನ್ನಿಂದ ಬೈಲಹೊಂಗಲದ ಅಂಗಡಿಕಾರನ ದನಿಯನ್ನು ಮತ್ತೊಮ್ಮೆ ಮಾಡಿಸಿಕೊಂಡು ಬಿದ್ದು ಬಿದ್ದು ನಕ್ಕ. ಅಂಚಿನ ಬಣ್ಣ ಕುಂಕುಮವೋ ಅರಿಸಿನವೋ ಎಂದು ಅವ್ವನನ್ನು ಕೇಳಿದ. ಅವ್ವ ನೂಲು ಸುತ್ತುತ್ತಲೇ ಇದ್ದಳು.

‘ಕೇಳಾಕತ್ತೇನಲ್ಲ, ಬಾಯಾಗ ನೀರ ತುಂಬಿಕೊಂಡೀಯೇನ?’

‘ಅವರು ಕೈಮಗ್ಗದ್ದ ಅಂತ ತಿಳಕೊಂಡಾರ’ ಎಂದಳು ಅವ್ವ.

‘ತಿಳಕೊಂಡ್ರ ತಿಳಕೊಳ್ಳಲಿ. ನಾವೇನ ಹೇಳೇವೇನ? ಸುಳ್ಳ ಹೇಳೂದ ಬ್ಯಾರೆ, ಸುಮ್ಮಕ ಇರೂದ ಬ್ಯಾರೆ.’

ಮರುದಿನ ಕ್ಲಾಸು ಮುಗಿದ ಮೇಲೆ ಅವ್ವ ಅಕ್ಕಾರನ್ನು ಮೂಲೆಗೆ ಕರೆದು ಇದನ್ನೇ ಕೇಳಿದಳು. ಚಾಪೆ ಸುತ್ತುತ್ತ ನಾನು ಅಲ್ಲೇ ಇದ್ದೆ. ಅಕ್ಕಾರು ಅವಳ ಕಣ್ಣು ತಪ್ಪಿಸಿ ಗೋಡೆಯ ಕಡೆ ತಿರುಗಿದರು. ‘ನೋಡ, ಅಹಿಂಸಾ ಮೊದಲ ಬರತೈತಿ, ಸತ್ಯ ಆಮ್ಯಾಲೆ. ನಿನ್ನ ಮಗ್ಗ ನಿಂತ್ರ ಅದು ಹಿಂಸಾ ಅಲ್ಲೇನ? ನೀ ಸುಮ್ಮಕಿರು’ ಎಂದರು. ಜೀವನದಲ್ಲಿ ಮೊದಲ ಸಲ ಅಕ್ಕಾರ ದನಿಯಷ್ಟೇ ಅಲ್ಲ, ಮಾತೂ ನನಗೆ ಇಷ್ಟವಾಯಿತು. ಬೈಕಿನಲ್ಲಿ ಬರುವಾಗ ಅದೇ ದನಿಯಲ್ಲಿ ‘ನೀ ಸುಮ್ಮಕಿರು’ ಎಂದೆ. ಹಿಂದಿನಿಂದ ಅವ್ವ ನನ್ನ ಬೆನ್ನಿಗೊಂದು ಗುದ್ದಿದಳು. ಅದು ಆಟದ ಗುದ್ದಾಗಿರಲಿಲ್ಲ.

ಬಣ್ಣ ಗೊತ್ತು ಮಾಡಲು ಬೈಲಹೊಂಗಲದ ಆ ಆಫೀಸರರ ಹೆಂಡತಿ, ಎಲ್ಲರ ಬಾಯಲ್ಲಿ ಅಮ್ಮಾವ್ರು, ಒಂದು ಮುಂಜಾನೆ ನಮ್ಮ ಕ್ಲಾಸಿಗೇ ಬಂದರು. ಕೈಮಗ್ಗದ ಸೀರೆ, ಕೊರಳಲ್ಲಿ ಮಣ್ಣಿನ ಮಣಿಸರ, ಕೈಯಲ್ಲಿ ತಾಮ್ರದ ನೀರಿನ ಬಾಟಲಿ. ಅಣಕಿಸಲು ದೇವರೇ ಕಳಿಸಿಕೊಟ್ಟಂತಿದ್ದರು. ಫೋನನ್ನು ಅವ್ವನ ಮುಂದೆ ಹಿಡಿದು ‘ಅಕ್ಕಾ, ನಮ್ಮ ನಾಲ್ಕೂ ಊರಿನ ಗ್ರೂಪಿಗೆ ಹಾಕತೇನಿ, ನಿಮ್ಮ ಕೈಮಗ್ಗದ ಬಗ್ಗೆ ಒಂದೆರಡು ಮಾತ ಹೇಳ್ರಿ. ನಾವು ಉಡೂ ಸೀರಿ ಯಾರ ಮಾಡಿದ್ದಂತ ಎಲ್ಲಾರಿಗೂ ಗೊತ್ತಾಗಲಿ’ ಎಂದರು.

ಅವ್ವ ಎದ್ದು ನಿಂತಳು. ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ತೆಗೆದುಕೊಂಡಳು. ಬಕೆಟ್ಟಿನ ಮುಂದೆ ನಿಂತಾಗ ತೆಗೆದುಕೊಂಡಂಥದ್ದೇ. ಆಗಲೇ ನನಗೆ ತಿಳಿಯಿತು, ಕೆಲಸ ಕೆಟ್ಟಿತು ಎಂದು.

‘ನಮ್ಮದು ಕೈಮಗ್ಗ ಅಲ್ಲರೀ’ ಎಂದಳು. ‘ಕರೆಂಟಿನ ಮಗ್ಗ. ನೂಲೂ ಹತ್ತಿದಲ್ಲ, ಪಾಲಿಸ್ಟರ್. ಯಾರ ಮಾಡ್ಯಾರ ಅಂದ್ರ ನಾನು, ನನ್ನ ಮನಿಯವರು ಮಾಡೇವಿ. ಯಾರಿಗೆ ನೋವಾಗೇತಿ ಅಂದ್ರ ನನ್ನ ಸೊಂಟಕ್ಕ ಆಗೇತಿ. ಅದಕ್ಕ ಇಲ್ಲಿ ಬಂದೇನಿ. ಬೇಕೇನು ಅನ್ನೂದಷ್ಟ ನೀವು ಹೇಳ್ರಿ.’

ಫೋನು ಮೆಲ್ಲಗೆ ಕೆಳಗಿಳಿಯಿತು. ಅಕ್ಕಾರು ಕಣ್ಣು ಮುಚ್ಚಿದರು. ಅಮ್ಮಾವ್ರ ಕಣ್ಣಲ್ಲಿ ನಿಜವಾದ ನೀರು ಬಂತು. ಅವ್ವನ ಎರಡೂ ಕೈ ಹಿಡಿದುಕೊಂಡು ‘ಎಂಥಾ ಮನಸರೀ ನಿಮ್ಮದು! ಇಷ್ಟ ದೊಡ್ಡ ಆರ್ಡರ್ ಎದುರಿಗಿದ್ದಾಗ ಖರೇ ಹೇಳೂದಂದ್ರ ಸಣ್ಣ ಮಾತಲ್ಲ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಿಂಚಣಿದಾರರೂ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಅಮ್ಮಾವ್ರು ದನಿ ತಗ್ಗಿಸಿದರು. ‘ಆದ್ರ ಅಕ್ಕಾ, ತಪ್ಪ ತಿಳೀಬ್ಯಾಡ್ರಿ. ದೇವರ ಮುಂದ ಸಂಕಲ್ಪ ಮಾಡೇವಿ. ಮತ್ತ ಪಾಲಿಸ್ಟರ್ ಅಂದ್ರ ಮಣ್ಣಾಗ ಕರಗಂಗಿಲ್ಲಂತ, ನೀರಿಗೂ ಕೆಟ್ಟಂತ.’

‘ಖರೇ ಐತ್ರಿ’ ಎಂದಳು ಅವ್ವ. ‘ನೀವು ಅನ್ನೂದ ಬರೋಬ್ಬರಿ ಐತಿ.’

ಅಣಕಿಸಬೇಕೆಂದರೆ ಮಾತಿಗೂ ಮನುಷ್ಯನಿಗೂ ನಡುವೆ ಒಂದು ಸಂದು ಬೇಕು. ನಾನು ನುಸುಳುವುದು ಆ ಸಂದಿನಲ್ಲಿ. ಆ ದಿನ ಹುಡುಕಿದೆ, ಸಂದಿರಲಿಲ್ಲ. ಅಮ್ಮಾವ್ರು ಅಂದದ್ದು ನಿಜ, ಅವರ ಕಣ್ಣೀರು ನಿಜ. ಚಪ್ಪಾಳೆಯೂ ನಿಜ, ಆರ್ಡರ್ ಹೋದದ್ದೂ ನಿಜ.

ಸುದ್ದಿ ಕೇಳಿದ ಅಪ್ಪ ಬೈಯಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಅವ್ವ ಯೋಗದ ಚಾಪೆ ಹಾಸುವ ನೆಲದ ಪರ್ಸಿಕಲ್ಲು ತೋರಿಸಿದ. ಆ ಕಲ್ಲಿನ ಕೆಳಗೆ ಅಜ್ಜನ ಕೈಮಗ್ಗದ ಕುಣಿಯಿದೆ. ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಜ್ಜ ನೇಯುತ್ತಿದ್ದ. ‘ಇವರ ಅವ್ವಗೋಳ ಬಂದು ಕೈಮಗ್ಗದ್ದು ಒರಟ ಆತು, ತುಟ್ಟಿ ಆತು, ನುಣ್ಣಂದ ಬೇಕು, ಸೋವಿದ ಬೇಕು ಅಂದ್ರು. ಕುಣಿ ಮುಚ್ಚಿ ಮಶೀನ್ ತಂದ್ವಿ. ಈಗ ಮಗಳದೇರು ಬಂದು ಕೈಮಗ್ಗ ಎಲ್ಲೈತಿ ಅಂತ ಕೇಳಾಕತ್ತಾರ. ಏನ ಮಾಡಲಿ, ಕುಣಿ ಅಗದ ನಮ್ಮಪ್ಪನ್ನ ಹೊರಗ ಕರೀಲೇನು?’

ಸೀರೆಗಳು ಬೇರೆ ಕಡೆಯಿಂದ ಬಂದವು. ಅವಾದರೂ ಖೊಟ್ಟಿ ಇರಲಿ, ಕೈಮಗ್ಗದ ಚೀಟಿ ಅಂಟಿಸಿದ ಮಿಲ್ಲಿನ ಮಾಲಿರಲಿ ಎಂದು ನಾನು ಹಂಬಲಿಸಿದ್ದೆ. ಕಿತ್ತೂರಿಗೆ ಅವ್ವನನ್ನು ಕರೆದುಕೊಂಡು ಹೋದಾಗ ಅಂಚು ಮುಟ್ಟಿ, ಮಡಿಕೆ ಬಿಡಿಸಿ ನೋಡಿದೆ. ಅಪ್ಪಟ ಕೈಮಗ್ಗ, ಹದವಾದ ಹತ್ತಿ. ಎಲ್ಲೋ ಯಾರದೋ ಮನೆಯಲ್ಲಿ ಕುಣಿ ಇನ್ನೂ ತೆರೆದಿದೆ, ಅವರ ಹೊಟ್ಟೆಗೆ ಅನ್ನ ಹೋಗಿದೆ. ಅವರಿಗೆ ಒಳ್ಳೆಯದಾಗಲಿ ಎನ್ನಲು ನನಗೆ ಬಾಯಿ ಬರಲಿಲ್ಲ. ಇಷ್ಟು ದನಿ ಕಲಿತವನಿಗೆ ಆ ಒಂದು ದನಿ ಬರಲಿಲ್ಲ.

ಸಾಲು ಕೆಡಬಾರದೆಂದು ಒಬ್ಬರು ತಮ್ಮಲ್ಲಿದ್ದ ಹೆಚ್ಚಿನ ಸೀರೆಯನ್ನು ಅವ್ವನಿಗೆ ಕೊಡಲು ಬಂದರು. ‘ಇವತ್ತೊಂದ ದಿನ ಉಡ್ರಿ ವೈನಿ, ಆಮ್ಯಾಲೆ ಕೊಟ್ರಾತು.’

‘ಬ್ಯಾಡ್ರಿ, ಮೈಮ್ಯಾಲೆ ನಾ ನೇಯ್ದದ್ದ ಇರಲಿ’ ಎಂದಳು ಅವ್ವ. ಹಾಗೆಂದವಳು ಸಾಲಿನಲ್ಲಿ ಕೂರಲಿಲ್ಲ. ಗಿಡದ ಕೆಳಗೆ ಮಣ್ಣಿನ ಹರವಿಯ ಮಜ್ಜಿಗೆ ಹಂಚಲು ನಿಂತಳು. ಎಲ್ಲರೂ ಒಂದೇ ಬಣ್ಣದಲ್ಲಿ ಕೂತು ಮೂಗು ಹಿಡಿದು ಉಸಿರಾಡಿದರು. ಬಯಲ ತುಂಬ ಹೂ ಅರಳಿದಂತಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ವೇದಿಕೆಯ ಮೇಲೆ ಅಮ್ಮಾವ್ರು ‘ನಮ್ಮ ಭಾಗದ ನೇಕಾರರನ್ನ ಉಳಿಸೂದು ನಮ್ಮ ಧರ್ಮ’ ಎಂದರು. ಜೋರಾದ ಚಪ್ಪಾಳೆ. ಅವ್ವ ಮಜ್ಜಿಗೆಯ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಅವಳೂ ತಟ್ಟಿದಳು.

‘ಯಾಕ ತಟ್ಟತೀ?’ ಎಂದೆ.

‘ಆಕಿ ಅಂದದ್ದ ಖರೇ ಐತಲ್ಲೋ’ ಎಂದಳು.

ಮಳೆಗಾಲ ಮುಗಿಯಿತು. ಗುಜರಿಯವರು ಬಂದು ಮಗ್ಗಗಳ ನಟ್ಟು ಬಿಚ್ಚಿ ಟೆಂಪೋಕ್ಕೆ ಹಾಕಿದರು. ಅಪ್ಪ ಈಗ ಸವದತ್ತಿಯ ಅಂಗಡಿಯೊಂದರಲ್ಲಿ ಸೂರತ್ ಸೀರೆಗಳನ್ನು ಬಿಚ್ಚಿ ತೋರಿಸಿ, ಮತ್ತೆ ಮಡಿಚಿಡುತ್ತಾನೆ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ನನ್ನ ಬಾಯಿಗಾದರೂ ಕೆಲಸ ಸಿಕ್ಕಿದೆ. ಆಟೋದ ಮೇಲೆ ಸ್ಪೀಕರ್ ಕಟ್ಟಿಕೊಂಡು ತಿರುಗುತ್ತಾರಲ್ಲ, ‘ಬರ್ರಿ ಅಕ್ಕಾ, ಬರ್ರಿ ತಾಯಿ, ಒಂದ ತೊಗೊಂಡ್ರ ಒಂದ ಪುಕ್ಕಟ’, ರೆಕಾರ್ಡ್ ಮಾಡಿಕೊಟ್ಟ ಆ ದನಿ ನನ್ನದು. ಒಂದು ಸಲ ಆ ಆಟೋ ನಮ್ಮ ಓಣಿಯಲ್ಲೇ ಹಾದುಹೋಯಿತು. ಅವ್ವ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ನನ್ನ ದನಿ ದೂರವಾಗುವವರೆಗೂ ಉಸಿರೆಳೆದುಕೊಂಡಳು. ಒಂದು ಮಾತು ಬೈದಿದ್ದರೆ ಅವಳ ದನಿಯಲ್ಲೇ ತಿರುಗಿ ಅಂದು ಹಗುರಾಗುತ್ತಿದ್ದೆ.

ಕ್ಲಾಸಿಗೆ ಹೋಗುವುದನ್ನು ಬಿಟ್ಟಾಳು ಎಂದುಕೊಂಡಿದ್ದೆ, ಬಿಡಲಿ ಎಂದೂ ಅಂದುಕೊಂಡಿದ್ದೆ. ಬಿಡಲಿಲ್ಲ. ಈಗಲೂ ಬಜಾರದಲ್ಲಿ ಮೂರು ಪ್ರಶ್ನೆ ಕೇಳಿಯೇ ಕೊಳ್ಳುತ್ತಾಳೆ, ಕೊಳ್ಳುವುದೇ ಕಡಿಮೆಯಾಗಿದೆ ಅಷ್ಟೆ. ಬಗ್ಗುವ ಕೆಲಸ ಹೋದ ಮೇಲೆ ಸೊಂಟ ಪೂರಾ ವಾಸಿಯಾಗಿದೆ. ‘ನೋಡ್ರಿ, ಯೋಗದ ಗುಣ’ ಎಂದು ಡಾಕ್ಟರು ಬಂದವರಿಗೆಲ್ಲ ಅವಳನ್ನು ತೋರಿಸುತ್ತಾರೆ.

ಆದರೆ ಮನೆ ಸುಮ್ಮನಾಗಿಬಿಟ್ಟಿದೆ. ಮೊನ್ನೆ ಮಧ್ಯಾಹ್ನ ಅವ್ವ ಅಜ್ಜನ ಕುಣಿಯ ಮೇಲಿನ ಕಲ್ಲಿಗೆ ಚಾಪೆ ಹಾಸಿ ಶವಾಸನಕ್ಕೆ ಮಲಗಿದ್ದಳು. ಮಗ್ಗಗಳಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಪ್ಪು ಕಲೆಗಳಿದ್ದವು. ಅವಳ ಕಣ್ಣು ತೆರೆದೇ ಇದ್ದವು.

‘ಲೇ ಮಂಗ್ಯಾ’ ಎಂದಳು ಚಾವಣಿ ನೋಡುತ್ತಲೇ. ‘ಮಗ್ಗ ಮಾಡ.’

ಗೋಡೆಗೊರಗಿ ಕೂತು ಸುರು ಮಾಡಿದೆ. ಖಟಾಖಟ್ ಖಟಾಖಟ್. ಒಂದೇ ಮಗ್ಗ ಸಾಲದೆಂದು ತೋರಿ ಎರಡರ ಸದ್ದನ್ನೂ ಹೆಣೆದೆ, ಒಂದು ಬಡಿದಾಗ ಇನ್ನೊಂದು ಏಳುವಂತೆ. ಅವ್ವನ ರೆಪ್ಪೆ ಇಳಿಯಿತು. ಗದ್ದ ಸಡಿಲಾಯಿತು. ನಿಲ್ಲಿಸುವಂತಿರಲಿಲ್ಲ, ನಿಲ್ಲಿಸದೆ ಮಾಡಿದೆ. ಅಂಗುಳು ಒಣಗಿತು, ದವಡೆ ಸೋತಿತು. ಕಡೆಗೆ ಉಸಿರು ತೆಗೆದುಕೊಳ್ಳಲೇಬೇಕಾಗಿ ಒಂದು ಗಳಿಗೆ ಬಿಟ್ಟೆ.

ಅವ್ವ ಎದ್ದು ಕೂತಿದ್ದಳು.

‘ಎಳಿ ಹರೀತೇನ?’ ಎಂದಳು.

‘ಇಲ್ಲವ್ವಾ’ ಎಂದೆ. ‘ಕರೆಂಟ್ ಹೋತು.’